ಐರೋಪ್ಯ ಅಧ್ಯಯನದ ಸಾರ್ವಜನಿಕ ಉಪನ್ಯಾಸ ಸರಣಿ: ಶೀರ್ಷಿಕೆಯಿಂದ ಮೈಕಿನವರೆಗೆ ಏನೇನು ನೋಡಿಕೊಳ್ಳಬೇಕು?

ಮೊದಲ_ಸಾಲು

ವಿಶ್ವವಿದ್ಯಾಲಯದ ಐರೋಪ್ಯ ಅಧ್ಯಯನ ವಿಭಾಗದಿಂದ ಒಂದು ಸೆಮಿಸ್ಟರಿನಲ್ಲಿ ಆರು ಸಾರ್ವಜನಿಕ ಉಪನ್ಯಾಸ, ಕೊನೆಗೆ ಒಂದು ದಿನದ ವಿಚಾರ ಸಂಕಿರಣ. ಕೇಳುಗರಲ್ಲಿ ಅರ್ಧ ವಿದ್ಯಾರ್ಥಿಗಳು, ಅರ್ಧ ಹೊರಗಿನ ಆಸಕ್ತರು. ಇಬ್ಬರನ್ನು ದೂರದಿಂದ ಕರೆಸುವಷ್ಟು ಹಣವಿದೆ, ಉಳಿದವರು ಇಲ್ಲಿಯವರು ಇಲ್ಲವೇ ಆನ್‌ಲೈನ್.

ಕರಡು ಪಟ್ಟಿ: ಯುರೋಪಿನ ಏಕೀಕರಣ, ಐರೋಪ್ಯ ಮಂಡಳಿಯ ಪಾತ್ರ, ಬ್ರೆಕ್ಸಿಟ್ ನಂತರ, ವಲಸೆಯ ಪ್ರಶ್ನೆ, ಯೂರೋ ಬಿಕ್ಕಟ್ಟು, ಯುರೋಪಿನ ಭವಿಷ್ಯ. ಸಂಕಿರಣ ಮೇ 9ಕ್ಕೆ, ಯುರೋಪ್ ದಿನಾಚರಣೆಯಾಗಿ. ಅಂದು ಬ್ರಸೆಲ್ಸಿನಿಂದ ಒಬ್ಬ ಅಧಿಕಾರಿಯನ್ನು ಆನ್‌ಲೈನಿನಲ್ಲಿ ಮಾತಾಡಿಸುವ ಯೋಚನೆ ಇದೆ. ಎಲ್ಲಿ ತಿದ್ದಬೇಕು, ಯಾವ ಕೆಲಸವನ್ನು ಎಷ್ಟು ಮೊದಲು ಹಿಡಿಯಬೇಕು, ಗೊತ್ತಿರುವವರು ಬಿಡಿಸಿ ಹೇಳಿ.

ಹನ್ನೆರಡು_ನಕ್ಷತ್ರ

ನಿಮ್ಮ ಎರಡನೆಯ ಶೀರ್ಷಿಕೆಯನ್ನೇ ಮೊದಲು ಹಿಡಿಯೋಣ. "ಐರೋಪ್ಯ ಮಂಡಳಿ" ಅಂದರೆ ಯಾವುದು? ಕನ್ನಡಕ್ಕೆ ತಂದಾಗ ಮೂರು ಬೇರೆ ಬೇರೆ ಸಂಸ್ಥೆಗಳು ಈ ಒಂದೇ ಹೆಸರಿನೊಳಗೆ ಸೇರಿಹೋಗುತ್ತವೆ. ಐರೋಪ್ಯ ಒಕ್ಕೂಟದ (ಇಯು) ಸದಸ್ಯ ದೇಶಗಳ ಪ್ರಧಾನಿ, ಅಧ್ಯಕ್ಷರು ಕೂಡುವುದು ಯುರೋಪಿಯನ್ ಕೌನ್ಸಿಲ್. ಅದು ಒಕ್ಕೂಟಕ್ಕೆ ದಿಕ್ಕು ತೋರಿಸುತ್ತದೆ, ಕಾನೂನು ಮಾಡುವುದಿಲ್ಲ. ಆಯಾ ಖಾತೆಯ ಸಚಿವರು ಕೂಡುವುದು ಬರೀ ಕೌನ್ಸಿಲ್. ಸಂಸತ್ತಿನ ಜೊತೆ ಸೇರಿ ಕಾನೂನು ಮಾಡುವುದು ಇದು. ಮೂರನೆಯದು ಕೌನ್ಸಿಲ್ ಆಫ್ ಯುರೋಪ್: 1949ರ ಮೇ 5ರಂದು ಲಂಡನ್ನಿನಲ್ಲಿ ಹುಟ್ಟಿದ್ದು, ನೆಲೆ ಸ್ಟ್ರಾಸ್‌ಬರ್ಗ್, ಈಗ 46 ಸದಸ್ಯ ದೇಶಗಳು. ಇದು ಐರೋಪ್ಯ ಒಕ್ಕೂಟದ ಅಂಗವೇ ಅಲ್ಲ.

ಪೋಸ್ಟರಿನಲ್ಲಿ ಈ ಒಂದು ಪದ ತಪ್ಪಿದರೆ ಭಾಷಣಕಾರರು ಮೊದಲ ಹತ್ತು ನಿಮಿಷ ಅದನ್ನೇ ಬಿಡಿಸುತ್ತಾ ನಿಲ್ಲಬೇಕಾಗುತ್ತದೆ. ಮೊದಲನೆಯದಕ್ಕೆ "ನಾಯಕರ ಮಂಡಳಿ", ಎರಡನೆಯದಕ್ಕೆ "ಸಚಿವರ ಮಂಡಳಿ" ಎಂದು ಬಳಸಿ, ಮೂರನೆಯದನ್ನು ಅನುವಾದಿಸಲೇಬೇಡಿ. ಆರೂ ಉಪನ್ಯಾಸಗಳ ಆಹ್ವಾನ ಪತ್ರಿಕೆಯಲ್ಲಿ ಇವೇ ಪದಗಳು ಬರಲಿ. ನ್ಯಾಯಾಲಯಗಳದ್ದೂ ಇದೇ ಪಾಡು. ಒಕ್ಕೂಟದ ನ್ಯಾಯಾಲಯ ಲಕ್ಸೆಂಬರ್ಗಿನಲ್ಲಿದೆ, ಮಾನವ ಹಕ್ಕುಗಳ ನ್ಯಾಯಾಲಯ ಸ್ಟ್ರಾಸ್‌ಬರ್ಗಿನಲ್ಲಿದೆ ಮತ್ತು ಅದು ಕೌನ್ಸಿಲ್ ಆಫ್ ಯುರೋಪಿನದು. ಐರೋಪ್ಯ ಸಂಸತ್ತಿನ ಬಹುಪಾಲು ಪೂರ್ಣ ಅಧಿವೇಶನಗಳೂ ಸ್ಟ್ರಾಸ್‌ಬರ್ಗಿನಲ್ಲೇ ನಡೆಯುವುದರಿಂದ ಗೊಂದಲ ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನು ಶೀರ್ಷಿಕೆಗಳು. "ಪಾತ್ರ", "ಪ್ರಶ್ನೆ", "ಭವಿಷ್ಯ" ಅನ್ನುವ ಪದಗಳು ಭಾಷಣಕಾರರಿಗೂ ಕೇಳುಗರಿಗೂ ಏನನ್ನೂ ಹೇಳುವುದಿಲ್ಲ. ಒಂದು ಗಂಟೆಯೊಳಗೆ ಉತ್ತರ ಸಿಗಬಹುದಾದ ಪ್ರಶ್ನೆಯೇ ಶೀರ್ಷಿಕೆಯಾಗಲಿ. ಸಚಿವರ ಮಂಡಳಿಯನ್ನೇ ತೆಗೆದುಕೊಳ್ಳಿ. ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ಮುಂದಿಟ್ಟ ಪ್ರಸ್ತಾವ ಅರ್ಹ ಬಹುಮತದಲ್ಲಿ ಪಾಸಾಗಲು ಶೇ 55ರಷ್ಟು ದೇಶಗಳು, ಅಂದರೆ 27ರಲ್ಲಿ 15, ಮತ್ತು ಜನಸಂಖ್ಯೆಯ ಶೇ 65 ಬೇಕು. ಜರ್ಮನಿ, ಫ್ರಾನ್ಸ್, ಇಟಲಿ ಮೂರೂ ಸೇರಿದರೆ ಒಕ್ಕೂಟದ ಜನಸಂಖ್ಯೆಯಲ್ಲಿ ಶೇ 35ನ್ನು ಸುಲಭವಾಗಿ ದಾಟುತ್ತವೆ. ಆದರೂ ಮೂರೇ ದೇಶಗಳು ಪ್ರಸ್ತಾವವನ್ನು ತಡೆಯಲಾರವು, ಏಕೆಂದರೆ ತಡೆಯುವ ಗುಂಪಿನಲ್ಲಿ ಕನಿಷ್ಠ ನಾಲ್ಕು ದೇಶ ಇರಬೇಕೆಂದು ಒಪ್ಪಂದದಲ್ಲೇ ಬರೆದಿದೆ. "ಮೂರು ದೊಡ್ಡ ದೇಶಗಳು ಬೇಡವೆಂದರೂ ಕಾನೂನು ಹೇಗೆ ಪಾಸಾಗುತ್ತದೆ?" ಎಂದು ಬರೆದರೆ ಇಡೀ ಸಂಸ್ಥೆಯೇ ಆ ಪ್ರಶ್ನೆಯೊಳಗೆ ಬಂದುಬಿಡುತ್ತದೆ.

"ಯುರೋಪಿನ ಭವಿಷ್ಯ"ಕ್ಕೂ ಒಂದು ದಾರಿ ಇದೆ. ಆ ವಿಷಯದ ಮೇಲಿನ ಹೆಸರಾಂತ ಭಾಷಣಗಳಲ್ಲಿ ಹಲವು ನಡೆದದ್ದು ವಿಶ್ವವಿದ್ಯಾಲಯಗಳಲ್ಲೇ. ಚರ್ಚಿಲ್ 1946ರ ಸೆಪ್ಟೆಂಬರ್ 19ರಂದು ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ, ಥ್ಯಾಚರ್ 1988ರ ಸೆಪ್ಟೆಂಬರ್ 20ರಂದು ಬ್ರೂಜ್‌ನ ಕಾಲೇಜ್ ಆಫ್ ಯುರೋಪಿನಲ್ಲಿ, ಆಗ ಜರ್ಮನಿಯ ವಿದೇಶಾಂಗ ಸಚಿವರಾಗಿದ್ದ ಯೋಷ್ಕಾ ಫಿಷರ್ 2000ದ ಮೇ 12ರಂದು ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ, ಮ್ಯಾಕ್ರಾನ್ 2017ರಲ್ಲೂ 2024ರಲ್ಲೂ ಸೋರ್ಬಾನ್‌ನಲ್ಲಿ, ಆಗ ಜರ್ಮನಿಯ ಚಾನ್ಸಲರ್ ಆಗಿದ್ದ ಶೋಲ್ಜ್ 2022ರ ಆಗಸ್ಟ್ 29ರಂದು ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ. ಇವುಗಳಿಂದ ಒಂದೊಂದು ಪುಟ ಆರಿಸಿ ಕೇಳುಗರ ಕೈಗೆ ಕೊಟ್ಟು, ಅಕ್ಕಪಕ್ಕ ಇಟ್ಟು ಓದಿಸುವಂಥ ಉಪನ್ಯಾಸ ಮಾಡಿಸಿ. ಚರ್ಚಿಲ್ ಯುರೋಪ್ ಒಂದಾಗಲಿ ಎಂದಾಗ ಬ್ರಿಟನ್ನನ್ನು ಅದರೊಳಗಿನ ಸದಸ್ಯನಾಗಿ ಅಲ್ಲ, ಬೆನ್ನಿಗೆ ನಿಲ್ಲುವ ಗೆಳೆಯನಾಗಿ ಕಂಡಿದ್ದರು. ಅಷ್ಟು ಗೊತ್ತಾದರೆ ಬ್ರೆಕ್ಸಿಟ್ ಉಪನ್ಯಾಸವೂ ಬೇರೆಯೇ ಆಗಿ ಕೇಳಿಸುತ್ತದೆ.

ಡ್ಯಾನ್ಯೂಬ್_ದಡ

ಹನ್ನೆರಡು_ನಕ್ಷತ್ರ ಅವರು ಹೇಳಿದ್ದು ಸರಿ, ಆದರೆ ಅವರ ತಿದ್ದುಪಡಿಯಾದ ಮೇಲೂ ಪಟ್ಟಿ ಬಹುಪಾಲು ಬ್ರಸೆಲ್ಸಿನ ಸುತ್ತಲೇ ತಿರುಗುತ್ತಿದೆ. ಐರೋಪ್ಯ ಅಧ್ಯಯನ ಎಂದು ಫಲಕ ಹಾಕಿ ಐರೋಪ್ಯ ಒಕ್ಕೂಟದ ಅಧ್ಯಯನವನ್ನಷ್ಟೇ ಮಾಡುವುದು ಈ ಕ್ಷೇತ್ರದ ಹಳೆಯ ಕೊರತೆ. ನಾರ್ವೆ, ಸ್ವಿಟ್ಜರ್‌ಲೆಂಡ್, ಸರ್ಬಿಯಾ, ಉಕ್ರೇನ್ ಯುರೋಪಲ್ಲವೇ? ಆರರಲ್ಲಿ ಎರಡಾದರೂ ಇತಿಹಾಸ, ಭಾಷೆ, ಸಾಹಿತ್ಯದ ಕಡೆಗೆ ಹೋಗಲಿ.

ಒಂದು ಸಲಹೆ: "ಯುರೋಪಿನ ಗಡಿ ಎಲ್ಲಿ ಮುಗಿಯುತ್ತದೆ?" ನಕ್ಷೆ ಇಟ್ಟು ಹೇಳಬಹುದಾದ ಉಪನ್ಯಾಸ ಇದು. ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಆರ್ಥಿಕ ಸಮುದಾಯವನ್ನು ಹುಟ್ಟುಹಾಕಿದ 1957ರ ರೋಮ್ ಒಪ್ಪಂದದಲ್ಲಿ ಅಲ್ಜೀರಿಯದ ಹೆಸರೇ ಇದೆ, ಆಗ ಅದು ಫ್ರಾನ್ಸಿನ ಭಾಗ. ಸ್ವಾತಂತ್ರ್ಯ ಬಂದದ್ದು 1962ರಲ್ಲಿ. ಗ್ರೀನ್‌ಲ್ಯಾಂಡ್ 1982ರಲ್ಲಿ ಜನಮತ ತೆಗೆದುಕೊಂಡು 1985ರಲ್ಲಿ ಸಮುದಾಯದಿಂದ ಹೊರಬಂತು. ಮೊರಾಕ್ಕೊ 1987ರಲ್ಲಿ ಅರ್ಜಿ ಹಾಕಿತು, ಐರೋಪ್ಯ ದೇಶವಲ್ಲ ಎಂಬ ಕಾರಣಕ್ಕೆ ತೆಗೆದುಕೊಳ್ಳಲಿಲ್ಲ. ಇತ್ತ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ಇವತ್ತಿಗೂ ಯೂರೋ ನಾಣ್ಯ ನಡೆಯುತ್ತದೆ. ಇದನ್ನು ಕೇಳಿದವರಿಗೆ ವಸಾಹತು ಇತಿಹಾಸ ಮತ್ತು ಏಕೀಕರಣ ಎರಡು ಬೇರೆ ಕಥೆಗಳಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಭಾಷೆಯ ಬಗ್ಗೆ. ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳು. ಐರಿಷ್‌ಗೆ ಪೂರ್ತಿ ಬಳಕೆಯ ಸ್ಥಾನ ಸಿಕ್ಕಿದ್ದು 2022ರ ಜನವರಿ 1ರಿಂದ. ಲಕ್ಸೆಂಬರ್ಗಿಷ್ ಅದರ ಸ್ವಂತ ದೇಶದಲ್ಲಿ ಅಧಿಕೃತ, ಒಕ್ಕೂಟದಲ್ಲಿ ಅಲ್ಲ. ಸೈಪ್ರಸ್ಸಿನಲ್ಲಿ ಅಧಿಕೃತವಾದ ತುರ್ಕಿ ಭಾಷೆಗೂ ಅಷ್ಟೇ. ಭಾಷಾ ವಿಭಾಗ, ರಾಜ್ಯಶಾಸ್ತ್ರ, ಕಾನೂನು ಮೂರೂ ಕಡೆಯ ವಿದ್ಯಾರ್ಥಿಗಳು ಒಂದೇ ಸಭಾಂಗಣಕ್ಕೆ ಬರುವ ವಿಷಯ ಇದು.

ಹನ್ನೆರಡು_ನಕ್ಷತ್ರ

ಒಪ್ಪಿದೆ. "ಏಕೀಕರಣ" ಮತ್ತು "ಐರೋಪ್ಯ ಮಂಡಳಿ" ಎರಡನ್ನೂ ಒಂದಾಗಿಸಿದರೆ ಗಡಿಯ ಉಪನ್ಯಾಸಕ್ಕೆ ಜಾಗ ಸಿಗುತ್ತದೆ. ಆದರೆ ಅದೇ ಮೊದಲನೆಯದಾಗದಿರಲಿ. ಸಂಸ್ಥೆಗಳ ಪರಿಚಯವಿಲ್ಲದವರಿಗೆ ಗ್ರೀನ್‌ಲ್ಯಾಂಡ್ ಯಾವುದರಿಂದ ಹೊರಬಂತು ಎನ್ನುವುದೇ ತಿಳಿಯುವುದಿಲ್ಲ. ಮೂರನೆಯದಾಗಿ ಇಡಿ.

"ಯೂರೋ ಬಿಕ್ಕಟ್ಟು" ಎಂಬುದಕ್ಕೆ ಇಸವಿ ಸೇರಿಸಿ. 2009ರ ಕೊನೆಗೆ ಗ್ರೀಸಿನಿಂದ ಶುರುವಾದ ಸಾಲದ ಬಿಕ್ಕಟ್ಟೋ ಅಥವಾ ಈಚಿನ ಬೆಲೆ ಏರಿಕೆಯೋ ಎಂದು ಕೇಳುಗರು ಊಹಿಸುವಂತಾಗಬಾರದು. ಪ್ರತಿ ಅಂಕಿಯ ಪಕ್ಕದಲ್ಲೂ ಅದು ಯಾವ ದಿನಕ್ಕೆ ಸರಿ ಎಂದು ಇರಲಿ. ಹಳೆಯ ಸ್ಲೈಡುಗಳಲ್ಲಿ ಯೂರೋ ವಲಯಕ್ಕೆ 19 ಎಂದೋ 20 ಎಂದೋ ಇರುತ್ತದೆ. 2023ರಲ್ಲಿ ಕ್ರೊಯೇಷಿಯಾ, 2026ರ ಜನವರಿ 1ರಂದು ಬಲ್ಗೇರಿಯಾ ಸೇರಿ ಅದು 21 ಆಗಿದೆ. ಸಂಸತ್ತಿನ ಸ್ಥಾನಗಳು 2024ರ ಚುನಾವಣೆಯಿಂದ 720. ಒಳಗಡಿಗಳಲ್ಲಿ ತಪಾಸಣೆಯಿಲ್ಲದೆ ಓಡಾಡಬಹುದಾದ ಷೆಂಗೆನ್ ವಲಯದಲ್ಲಿ 29 ದೇಶಗಳು, ಅವುಗಳಲ್ಲಿ ಐಸ್‌ಲ್ಯಾಂಡ್, ನಾರ್ವೆ, ಸ್ವಿಟ್ಜರ್‌ಲೆಂಡ್, ಲಿಕ್ಟನ್‌ಸ್ಟೈನ್ ಒಕ್ಕೂಟದ ಹೊರಗಿನವು.

ಕಡತ_ಕಪಾಟು

ಮೇ 9ರ ಬಗ್ಗೆ ಮುಖ್ಯವಾದ ಮಾತು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ಷೂಮನ್ ಅವರ ಏಕೀಕರಣದ ಘೋಷಣೆ ಹೊರಬಿದ್ದದ್ದರಿಂದ ಆ ದಿನ ಯುರೋಪ್ ದಿನ, ಸರಿ. ಆದರೆ ಅಂದು ಒಕ್ಕೂಟದ ಸಂಸ್ಥೆಗಳಿಗೆ ರಜೆ. ಬ್ರಸೆಲ್ಸಿನ ಅಧಿಕಾರಿ ಆ ದಿನ ಕಚೇರಿಯಿಂದ ಆನ್‌ಲೈನಿಗೆ ಬರುತ್ತಾರೆ ಎಂದು ನೆಚ್ಚಬೇಡಿ. ರಾಯಭಾರ ಕಚೇರಿಗಳಿಗೂ ಅಂದು ತಮ್ಮದೇ ಕಾರ್ಯಕ್ರಮಗಳಿರುತ್ತವೆ. ಎರಡು ಮೂರು ದಿನ ಹಿಂದೆ ಮುಂದೆ ಮಾಡಿದರೆ ಜನ ಸಿಗುತ್ತಾರೆ. ಮೇ 5ಕ್ಕೆ ಇಟ್ಟರೆ ಅದು ಕೌನ್ಸಿಲ್ ಆಫ್ ಯುರೋಪಿನ ಯುರೋಪ್ ದಿನ. ಮಾನವ ಹಕ್ಕುಗಳ ಕುರಿತ ಸಂಕಿರಣವಾದರೆ ಅದೇ ಹೆಚ್ಚು ಹೊಂದುತ್ತದೆ.

ಸಂಸತ್ತಿನ ಸದಸ್ಯರನ್ನು ಕರೆಯುವುದಿದ್ದರೆ ದಿನ ಗೊತ್ತುಮಾಡುವ ಮೊದಲು ಸಂಸತ್ತಿನ ವಾರ್ಷಿಕ ಕ್ಯಾಲೆಂಡರ್ ನೋಡಿ. ಸ್ಟ್ರಾಸ್‌ಬರ್ಗ್ ಅಧಿವೇಶನದ ವಾರ ಸೋಮವಾರದಿಂದ ಗುರುವಾರದವರೆಗೆ ಅವರು ಸಿಗುವುದು ಕಷ್ಟ, ಶುಕ್ರವಾರ ಪರವಾಗಿಲ್ಲ. ಆಗಸ್ಟಿನಲ್ಲಿ ಯಾರೂ ಇರುವುದಿಲ್ಲ. ಸಚಿವರ ಮಂಡಳಿಯ ಅಧ್ಯಕ್ಷತೆ ಜನವರಿ 1 ಮತ್ತು ಜುಲೈ 1ರಂದು ಕೈ ಬದಲಾಗುತ್ತದೆ: 2026ರ ಮೊದಲರ್ಧ ಸೈಪ್ರಸ್, ಎರಡನೆಯ ಅರ್ಧ ಐರ್ಲೆಂಡ್, 2027ರ ಮೊದಲರ್ಧ ಲಿಥುವೇನಿಯಾ. ಅಧ್ಯಕ್ಷತೆ ವಹಿಸಿದ ದೇಶದ ರಾಯಭಾರ ಕಚೇರಿಗೆ ಆ ಆರು ತಿಂಗಳು ಇಂಥ ವೇದಿಕೆ ಬೇಕಾಗಿರುತ್ತದೆ, ಅವರಿಗೆ ಬರೆಯಿರಿ. ಆದರೆ ರಾಜತಾಂತ್ರಿಕರು ತಮ್ಮ ಸರ್ಕಾರದ ನಿಲುವನ್ನು ಹೇಳುತ್ತಾರೆ. ಅವರ ಪಕ್ಕದಲ್ಲಿ ಆ ವಿಷಯ ಬಲ್ಲ ಒಬ್ಬ ಅಧ್ಯಾಪಕರನ್ನು ಪ್ರತಿಕ್ರಿಯೆ ನೀಡಲು ಕೂರಿಸದಿದ್ದರೆ ಅದು ಉಪನ್ಯಾಸವಾಗುವುದಿಲ್ಲ, ಪತ್ರಿಕಾ ಪ್ರಕಟಣೆಯಾಗುತ್ತದೆ.

ಆಹ್ವಾನ ದೂರದವರಿಗೆ ನಾಲ್ಕು ತಿಂಗಳು ಮೊದಲು, ಆನ್‌ಲೈನಿನವರಿಗೆ ಎರಡು ತಿಂಗಳು ಮೊದಲು ಹೋಗಲಿ. ಮೊದಲ ಪತ್ರದಲ್ಲೇ ಇಷ್ಟೂ ಇರಬೇಕು: ಶೀರ್ಷಿಕೆಯ ಪ್ರಶ್ನೆ, ಎಷ್ಟು ನಿಮಿಷ, ಕೇಳುಗರು ಯಾರು, ಯಾವ ಭಾಷೆ, ರೆಕಾರ್ಡಿಂಗ್ ಉಂಟೇ, ಪ್ರಯಾಣ ವಸತಿ ಯಾರದು, ಗೌರವಧನ ಎಷ್ಟು. ಗೌರವಧನ ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ.

ಮೊದಲ_ಸಾಲು

ಮೇ 9 ಬಿಟ್ಟೆವು, 7ಕ್ಕೆ ಇಟ್ಟುಕೊಳ್ಳುತ್ತೇವೆ. ಆನ್‌ಲೈನ್ ಉಪನ್ಯಾಸಗಳಲ್ಲಿ ಒಂದು ಮಾರ್ಚ್ ಕೊನೆಯ ವಾರದಲ್ಲಿ, ಬ್ರಸೆಲ್ಸ್ ಸಮಯ ಸಂಜೆ 5ಕ್ಕೆ. ಇದರಲ್ಲಿ ತೊಂದರೆ ಇದೆಯೇ?

ಧ್ವನಿಮೇಜು

ಇದೆ. ಒಕ್ಕೂಟದ ದೇಶಗಳಲ್ಲಿ ಗಡಿಯಾರ ಮಾರ್ಚ್‌ನ ಕೊನೆಯ ಭಾನುವಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದೆ ಬರುತ್ತದೆ. ಆ ಭಾನುವಾರಕ್ಕೆ ಮೊದಲು ಬ್ರಸೆಲ್ಸಿನ ಸಂಜೆ 5 ಅಂದರೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) 16:00, ಆದ ಮೇಲೆ ಯುಟಿಸಿ 15:00. ಗಡಿಯಾರ ಬದಲಿಸದ ದೇಶಗಳಲ್ಲಿ ಕುಳಿತವರಿಗೆ ವ್ಯತ್ಯಾಸವೇ ಬದಲಾಗುತ್ತದೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರವೇ ಬದಲಾಗಿರುವುದರಿಂದ ನಡುವಿನ ಎರಡು ಮೂರು ವಾರ ಅವರ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಆಹ್ವಾನದಲ್ಲಿ ಇಬ್ಬರ ಸ್ಥಳೀಯ ಸಮಯ ಮತ್ತು ಯುಟಿಸಿ, ಮೂರನ್ನೂ ದಿನಾಂಕದ ಜೊತೆ ಬರೆಯಿರಿ. ಸಾಧ್ಯವಿದ್ದರೆ ಆ ವಾರವನ್ನೇ ಬಿಟ್ಟುಬಿಡಿ.

ಈಗ ಧ್ವನಿ. ಸಭಾಂಗಣದಲ್ಲಿ ಜನ, ಪರದೆಯ ಮೇಲೆ ಭಾಷಣಕಾರರು, ಜೊತೆಗೆ ಆನ್‌ಲೈನ್ ಕೇಳುಗರು ಎನ್ನುವ ಏರ್ಪಾಡಿನಲ್ಲಿ ಕೆಡುವುದು ಬಹುಪಾಲು ಚಿತ್ರವಲ್ಲ, ಧ್ವನಿ. ಭಾಷಣಕಾರರ ದನಿ ಸಭಾಂಗಣದ ಸ್ಪೀಕರಿನಿಂದ ಹೊರಟು, ಸಭಾಂಗಣದ ಮೈಕಿಗೆ ಬಿದ್ದು, ಮತ್ತೆ ಅವರ ಕಿವಿಗೇ ಅರೆಕ್ಷಣ ತಡವಾಗಿ ಹೋಗುತ್ತದೆ. ತನ್ನ ಮಾತೇ ಹಿಂದೆ ಬಂದಾಗ ಎಂಥವರೂ ತಡವರಿಸುತ್ತಾರೆ. ಇದಕ್ಕೆ ಮಿಕ್ಸರಿನಲ್ಲಿ "ಮಿಕ್ಸ್ ಮೈನಸ್" ಮಾಡಬೇಕು: ಕರೆಗೆ ಕಳುಹಿಸುವ ಸಾಲಿನಲ್ಲಿ ಸಭಾಂಗಣದ ಮೈಕುಗಳೆಲ್ಲ ಇರಲಿ, ಕರೆಯಿಂದ ಬರುವ ದನಿ ಮಾತ್ರ ಇರಬಾರದು. ಮಿಕ್ಸರಿನಲ್ಲಿ ಆಕ್ಸ್ ಸಾಲು (ಬೇಕಾದ ದನಿಗಳನ್ನಷ್ಟೇ ಬೇರೆಯಾಗಿ ಹೊರಗೆ ಕಳುಹಿಸುವ ಸಾಲು) ಇದ್ದರೆ ಅದಕ್ಕೆ ಮೈಕುಗಳನ್ನಷ್ಟೇ ತಿರುಗಿಸಿ, ಆ ಸಾಲನ್ನು ಲ್ಯಾಪ್‌ಟಾಪಿಗೆ ಕೊಟ್ಟರೆ ಆಯಿತು. ಸಭಾಂಗಣದಲ್ಲಿ ಧ್ವನಿ ತೆರೆದಿರುವ ಸಾಧನ ಒಂದೇ ಇರಬೇಕು. ಮುಂದಿನ ಸಾಲಿನಲ್ಲಿ ಯಾರೋ ಅದೇ ಕರೆಯನ್ನು ಫೋನಿನಲ್ಲಿ ತೆರೆದರೂ ಕೂಗು ಏಳುತ್ತದೆ.

ಅಂಗಿಗೆ ಸಿಕ್ಕಿಸುವ ಮೈಕು ಗಲ್ಲದಿಂದ ಒಂದು ಗೇಣು ಕೆಳಗೆ, ಸೆರಗು, ಶಾಲು, ಗುರುತಿನ ಪಟ್ಟಿ ತಾಗದ ಕಡೆ ಇರಲಿ. ಕೈಮೈಕು ಬಾಯಿಯಿಂದ ನಾಲ್ಕು ಬೆರಳು. ಲ್ಯಾಪ್‌ಟಾಪಿಗೆ ವೈಫೈ ಬೇಡ, ತಂತಿ ಹಾಕಿ. ಹಿಂದಿನ ದಿನ ಅದೇ ಸಭಾಂಗಣ, ಅದೇ ಲ್ಯಾಪ್‌ಟಾಪ್, ಅದೇ ಸಂಪರ್ಕದಲ್ಲಿ ಭಾಷಣಕಾರರ ಜೊತೆ 20 ನಿಮಿಷ ಪರೀಕ್ಷೆ ಮಾಡಿ. ಅವರ ಸ್ಲೈಡುಗಳ ಪ್ರತಿ ನಿಮ್ಮ ಬಳಿ ಮೊದಲೇ ಇರಲಿ. ಸಂಪರ್ಕ ಕಡಿದರೆ ಅವರು ಫೋನಿನಲ್ಲಿ ಮಾತಾಡಲಿ, ಸ್ಲೈಡನ್ನು ನೀವು ಸರಿಸಿ. ಮೂರು ನಿಮಿಷದಲ್ಲಿ ಮರಳದಿದ್ದರೆ ಪ್ರತಿಕ್ರಿಯೆ ನೀಡಬೇಕಾದ ಅಧ್ಯಾಪಕರು ಎದ್ದು ಅಲ್ಲಿಯವರೆಗಿನ ವಾದದ ಮೇಲೆ ಮಾತು ಶುರುಮಾಡಲಿ. ಅವರಿಗೆ ಇದನ್ನು ಮುಂಚೆಯೇ ಹೇಳಿರಬೇಕು.

ರೆಕಾರ್ಡಿಂಗನ್ನು ಕರೆಯ ತಂತ್ರಾಂಶಕ್ಕೆ ಬಿಡದೆ ಮಿಕ್ಸರಿನಿಂದ ಬೇರೆಯಾಗಿಯೂ ಧ್ವನಿ ತೆಗೆದುಕೊಳ್ಳಿ.

ಎರಡನೇ_ಭಾಷೆ

ಅನುವಾದದ ಏರ್ಪಾಡು ಇದ್ದರೆ ಇನ್ನೂ ಕೆಲವು. ಮಾತಿನ ಜೊತೆಜೊತೆಗೇ ಅನುವಾದಿಸುವುದಾದರೆ ಅನುವಾದಕರ ಬೂತಿನಲ್ಲಿ ಒಬ್ಬರು ಸಾಲದು, ಇಬ್ಬರು ಬೇಕು, 20ರಿಂದ 30 ನಿಮಿಷಕ್ಕೊಮ್ಮೆ ಕೈ ಬದಲಾಯಿಸಲು. ಒಬ್ಬರನ್ನೇ ಒಂದೂವರೆ ಗಂಟೆ ಕೂರಿಸಿದರೆ ಎರಡನೆಯ ಅರ್ಧದಲ್ಲಿ ಅಂಕಿ, ಹೆಸರು ತಪ್ಪತೊಡಗುತ್ತವೆ, ಐರೋಪ್ಯ ವಿಷಯದಲ್ಲಿ ಅವೇ ಮುಖ್ಯ. ನಿಂತು ನಿಂತು ಅನುವಾದಿಸುವುದಾದರೆ ಸಮಯ ಇಮ್ಮಡಿಯಾಗುತ್ತದೆ: 45 ನಿಮಿಷದಲ್ಲಿ ಭಾಷಣಕಾರರಿಗೆ ಸಿಗುವುದು 20ರಿಂದ 25 ನಿಮಿಷ ಅಷ್ಟೇ. ಇದನ್ನು ಆಹ್ವಾನದಲ್ಲೇ ಹೇಳದಿದ್ದರೆ ಅವರು ಪೂರ್ತಿ 45 ನಿಮಿಷದ ಮಾತು ತಂದಿರುತ್ತಾರೆ. ಬರೆದದ್ದನ್ನು ಓದುವವರ ಪ್ರತಿ ಕನಿಷ್ಠ ಮೂರು ದಿನ ಮೊದಲು ಬೂತಿಗೆ ತಲುಪಲಿ. ಓದುವಾಗ ವೇಗ ತಾನಾಗಿಯೇ ಏರುತ್ತದೆ, ಪ್ರತಿ ಕೈಯಲ್ಲಿಲ್ಲದೆ ಬೆನ್ನಟ್ಟಲಾಗದು. ಮೈಕಿಲ್ಲದೆ ಕೇಳಿದ ಪ್ರಶ್ನೆ ಬೂತಿಗೆ ಕೇಳಿಸುವುದೇ ಇಲ್ಲ.

ಕನ್ನಡದಲ್ಲಿ ನಡೆಸುವವರಿಗೆ ಬೇರೆಯೇ ಒಂದು ತೊಡಕಿದೆ, ಇದನ್ನು ಯಾರೂ ಎತ್ತುವುದಿಲ್ಲ. ನಾವು "ಐರೋಪ್ಯ ಒಕ್ಕೂಟ" ಎನ್ನುತ್ತೇವೆ. ರಾಜ್ಯಶಾಸ್ತ್ರದಲ್ಲಿ "ಒಕ್ಕೂಟ ವ್ಯವಸ್ಥೆ" ಅಂದರೆ ಫೆಡರಲ್ ವ್ಯವಸ್ಥೆ. ಯುರೋಪ್ ಫೆಡರಲ್ ಆಗಬೇಕೇ ಬೇಡವೇ ಎನ್ನುವುದು ಅಲ್ಲಿನ ಬಹು ದೊಡ್ಡ ಜಗಳ. ಫಿಷರ್ ಅವರ 2000ದ ಭಾಷಣವೂ ದೇಶಗಳ ಸಡಿಲ ಕೂಟದಿಂದ ಫೆಡರೇಶನ್ನಿಗೆ ಹೋಗುವ ಬಗ್ಗೆಯೇ. ಕನ್ನಡದ ಕೇಳುಗರಿಗೆ ಹೆಸರಿನಲ್ಲೇ ಆ ಜಗಳ ಮುಗಿದುಹೋದಂತೆ ಕೇಳಿಸುತ್ತದೆ: "ಒಕ್ಕೂಟವು ಒಕ್ಕೂಟವಾಗಬೇಕೇ?" ಎಂದರೆ ಅರ್ಥವೇನು? ಆ ಉಪನ್ಯಾಸದಲ್ಲಿ ಫೆಡರಲ್, ಕಾನ್ಫೆಡರಲ್ ಎಂಬ ಪದಗಳನ್ನು ಹಾಗೆಯೇ ಇಟ್ಟುಕೊಂಡು, ಮೊದಲ ಐದು ನಿಮಿಷದಲ್ಲಿ ವ್ಯತ್ಯಾಸ ಹೇಳಿಬಿಡಬೇಕು.

ರೆಗ್ಯುಲೇಶನ್, ಡೈರೆಕ್ಟಿವ್ ಎರಡಕ್ಕೂ "ನಿಯಮ" ಎಂದು ಬರೆಯುವುದೂ ತಪ್ಪು. ರೆಗ್ಯುಲೇಶನ್ ಎಲ್ಲ ದೇಶಗಳಲ್ಲೂ ನೇರವಾಗಿ ಜಾರಿಯಾಗುತ್ತದೆ. ಡೈರೆಕ್ಟಿವ್ ಗುರಿಯನ್ನು ಗೊತ್ತುಮಾಡುತ್ತದೆ, ಅದನ್ನು ಮುಟ್ಟುವ ಕಾನೂನನ್ನು ಪ್ರತಿ ದೇಶವೂ ಗಡುವಿನೊಳಗೆ ತಾನೇ ಮಾಡಬೇಕು. "ನೇರ ನಿಯಮ", "ಗುರಿ ನಿರ್ದೇಶನ" ಎಂದಾದರೂ ಬೇರ್ಪಡಿಸಿ. ಇಂಥ 25 ಪದಗಳ ಒಂದು ಹಾಳೆ ಮಾಡಿ, ಅದೇ ಹಾಳೆಯನ್ನು ಬೂತಿಗೂ ನಿರೂಪಕರಿಗೂ ಕೇಳುಗರಿಗೂ ಕೊಡಿ. ಅನುವಾದಗಳನ್ನು ಹೋಲಿಸಿ ನೋಡಲು ಒಕ್ಕೂಟದ ಕಾನೂನುಗಳಿರುವ ಯೂರ್-ಲೆಕ್ಸ್ ತಾಣದಲ್ಲಿ ಒಂದೇ ಕಾನೂನನ್ನು ಎರಡು ಮೂರು ಭಾಷೆಗಳಲ್ಲಿ ಅಕ್ಕಪಕ್ಕ ತೆರೆಯಬಹುದು.

ಸಭಾ_ಗಡಿಯಾರ

ಸಮಯದ ಹಂಚಿಕೆ: ಒಟ್ಟು 90 ನಿಮಿಷ. ಪರಿಚಯಕ್ಕೆ 4, ಮಾತಿಗೆ 45, ಪ್ರತಿಕ್ರಿಯೆಗೆ 6, ಪ್ರಶ್ನೆಗೆ 35. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ಮಾತು, ವಂದನಾರ್ಪಣೆ ಎಂದು ಪೋಣಿಸುತ್ತಾ ಹೋದರೆ ಮೊದಲು ಸಾಯುವುದು ಪ್ರಶ್ನೋತ್ತರ. ಸಾರ್ವಜನಿಕ ಉಪನ್ಯಾಸ ತರಗತಿಗಿಂತ ಬೇರೆ ಎನಿಸುವುದೇ ಆ 35 ನಿಮಿಷದಿಂದ, ಅದನ್ನು ಯಾರಿಗೂ ಬಿಟ್ಟುಕೊಡಬೇಡಿ. ಭಾಷಣಕಾರರ ಪರಿಚಯ ಮುದ್ರಿತ ಹಾಳೆಯಲ್ಲಿರಲಿ. ನಿರೂಪಕರು ಇವತ್ತಿನ ಪ್ರಶ್ನೆ ಏನು, ಅದಕ್ಕೆ ಇವರೇ ಯಾಕೆ ಎಂದು ಎರಡು ವಾಕ್ಯ ಹೇಳಿದರೆ ಸಾಕು. 10, 5, 1 ಎಂದು ಬರೆದ ಮೂರು ಹಲಗೆ ಮುಂದಿನ ಸಾಲಿನಲ್ಲಿರಲಿ, ಆನ್‌ಲೈನಿನವರಿಗೆ ಅದೇ ಅಂಕಿಯನ್ನು ಚಾಟ್‌ನಲ್ಲಿ ಹಾಕಿ.

ಪ್ರಶ್ನೆ ಕೇಳುವವರ ಕೈಗೆ ಮೈಕು ಕೊಡಬೇಡಿ, ಸ್ವಯಂಸೇವಕರೇ ಹಿಡಿದುಕೊಳ್ಳಲಿ. ಒಂದು ನಿಮಿಷ ದಾಟಿದರೆ "ನಿಮ್ಮ ಪ್ರಶ್ನೆ ಏನು ಎಂದು ಒಂದು ವಾಕ್ಯದಲ್ಲಿ ಹೇಳಿ" ಎನ್ನುವುದು ನಿರೂಪಕರ ಕೆಲಸ. ಬ್ರೆಕ್ಸಿಟ್, ವಲಸೆ, ಉಕ್ರೇನ್ ಯುದ್ಧದ ಉಪನ್ಯಾಸಗಳಲ್ಲಿ ಪ್ರಶ್ನೆಗಿಂತ ಭಾಷಣ ಮಾಡುವವರೇ ಹೆಚ್ಚು. ಮೊದಲ ಪ್ರಶ್ನೆ ವಿದ್ಯಾರ್ಥಿಯದ್ದಾಗಲಿ. ಹಿರಿಯ ಪ್ರಾಧ್ಯಾಪಕರು ಮೊದಲು ಎದ್ದರೆ ಆಮೇಲೆ ಕಿರಿಯರು ಕೈ ಎತ್ತುವುದಿಲ್ಲ. ಮೂರು ಮೂರು ಪ್ರಶ್ನೆ ಒಟ್ಟಿಗೆ ತೆಗೆದುಕೊಂಡರೆ ಹೆಚ್ಚು ಜನರಿಗೆ ಅವಕಾಶ ಸಿಗುತ್ತದೆ.

ಡ್ಯಾನ್ಯೂಬ್_ದಡ

ಕೊನೆಯ ಸಾಲಿಗೆ ನನ್ನ ಒಪ್ಪಿಗೆ ಇಲ್ಲ. ಮೂರು ಪ್ರಶ್ನೆ ಗಂಟು ಕಟ್ಟಿ ಕೊಟ್ಟರೆ ಭಾಷಣಕಾರರು ಸುಲಭದ್ದಕ್ಕೆ ಉತ್ತರಿಸಿ ಕಠಿಣದ್ದನ್ನು ಜಾರಿಸುತ್ತಾರೆ. ರಾಜಕಾರಣಿ, ರಾಜತಾಂತ್ರಿಕರಾದರೆ ಖಂಡಿತ. ಅವರ ಮಟ್ಟಿಗೆ ಒಂದೊಂದೇ ಪ್ರಶ್ನೆ, ಕೇಳಿದವರಿಗೆ ಅರ್ಧ ನಿಮಿಷ ಮರುಪ್ರಶ್ನೆ. ಹೆಚ್ಚು ಜನ ಕೇಳುವುದಕ್ಕಿಂತ ಒಂದು ಪ್ರಶ್ನೆ ಪೂರ್ತಿಯಾಗುವುದು ಮುಖ್ಯ.

ಸಭಾ_ಗಡಿಯಾರ

ರಾಜಕಾರಣಿಗಳ ಮಟ್ಟಿಗೆ ನಿಮ್ಮ ಮಾತು ಸರಿ, ತಿದ್ದಿಕೊಳ್ಳುತ್ತೇನೆ. ಸಂಶೋಧಕರ ಉಪನ್ಯಾಸಕ್ಕೆ ಮೂರರ ಗಂಟು ಇರಲಿ, ಆದರೆ ನಿರೂಪಕರು ಮೂರನ್ನೂ ಬರೆದುಕೊಂಡು, ಉಳಿದುಹೋದದ್ದನ್ನು "ಎರಡನೆಯ ಪ್ರಶ್ನೆ ಬಾಕಿ ಇದೆ" ಎಂದು ಮತ್ತೆ ಎತ್ತಬೇಕು.

ಇನ್ನೊಂದು ಗೊಂದಲ: "ಚಾಥಮ್ ಹೌಸ್ ನಿಯಮದಡಿ ಸಾರ್ವಜನಿಕ ಉಪನ್ಯಾಸ" ಎಂದು ಕೆಲವು ಕಡೆ ಬರೆಯುತ್ತಾರೆ. ಲಂಡನ್ನಿನ ಚಾಥಮ್ ಹೌಸ್ ಸಂಸ್ಥೆಯಲ್ಲಿ 1927ರಲ್ಲಿ ಹುಟ್ಟಿದ ಆ ನಿಯಮದ ಪ್ರಕಾರ ಕೇಳಿದ ವಿಷಯವನ್ನು ಬಳಸಬಹುದು, ಹೇಳಿದವರು ಯಾರು, ಯಾವ ಸಂಸ್ಥೆಯವರು, ಬೇರೆ ಯಾರಿದ್ದರು ಎಂಬುದನ್ನು ಬಯಲು ಮಾಡುವಂತಿಲ್ಲ. ಪೋಸ್ಟರಿನಲ್ಲಿ ಹೆಸರು ಹಾಕಿ, ನೇರ ಪ್ರಸಾರ ಮಾಡುವ ಸಭೆಗೆ ಅದು ಅನ್ವಯಿಸುವುದಾದರೂ ಹೇಗೆ? ಸಂಜೆ ಬಾಗಿಲು ತೆರೆದ ಉಪನ್ಯಾಸ, ಮಾರನೆಯ ದಿನ 20 ಜನರ ಮುಚ್ಚಿದ ಗೋಷ್ಠಿಗೆ ಆ ನಿಯಮ, ಹೀಗೆ ಬೇರೆ ಮಾಡಿ. ಅಧಿಕಾರಿಗಳು ಬಿಚ್ಚಿ ಮಾತಾಡುವುದು ಎರಡನೆಯದರಲ್ಲೇ.

ಕಡತ_ಕಪಾಟು

ಬಿಟ್ಟುಹೋದ ಕಾಗದದ ಕೆಲಸ. ವಿಶ್ವವಿದ್ಯಾಲಯ ಷೆಂಗೆನ್ ದೇಶದಲ್ಲಿದ್ದು ಭಾಷಣಕಾರರಿಗೆ ವೀಸಾ ಬೇಕಿದ್ದರೆ: ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕೊನೆಯೆಂದರೆ 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಿದ್ದರೆ 45 ದಿನದವರೆಗೆ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು. ಆಹ್ವಾನ ಪತ್ರದಲ್ಲಿ ದಿನಾಂಕ, ಉದ್ದೇಶ, ಉಳಿಯುವ ವಿಳಾಸ, ಯಾವ ಖರ್ಚು ಯಾರದು ಎಂದು ಬಿಡಿಬಿಡಿಯಾಗಿ ಇರಬೇಕು. "ಎಲ್ಲ ವ್ಯವಸ್ಥೆ ಮಾಡಲಾಗುವುದು" ಎಂಬ ವಾಕ್ಯ ಕೆಲಸಕ್ಕೆ ಬರುವುದಿಲ್ಲ. ಎರಡು ದೇಶಗಳಲ್ಲಿ ಮಾತಾಡುವುದಿದ್ದರೆ ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ, ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಡುವೆ ಡಬ್ಲಿನ್ನಿಗೆ ಹೋಗಿ ಬರುವುದಿದ್ದರೆ ಎಚ್ಚರ: ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ, ಒಂದೇ ಪ್ರವೇಶದ ವೀಸಾ ಹಿಡಿದು ಹೋದವರು ಮರಳಿ ಒಳಗೆ ಬರಲಾರರು. ಬಹು ಪ್ರವೇಶವೇ ಬೇಕು.

ಐರೋಪ್ಯ ಅಧ್ಯಯನಕ್ಕೆಂದು ಒಕ್ಕೂಟ ಕೊಡುವ ಝಾನ್ ಮೊನೆ ಅನುದಾನದ ಅಡಿ ನಡೆಸುವುದಿದ್ದರೆ ಮಾಡ್ಯೂಲಿಗೆ ವರ್ಷಕ್ಕೆ ಕನಿಷ್ಠ 40 ಬೋಧನಾ ಗಂಟೆ, ಪೀಠಕ್ಕೆ 90 ಗಂಟೆ, ಮೂರು ವರ್ಷ. ಸಾರ್ವಜನಿಕ ಉಪನ್ಯಾಸವನ್ನು ಈ ಗಂಟೆಗಳಿಗೆ ತುಂಬಿಸಲು ಹೋಗದೆ ಬೇರೆ ಚಟುವಟಿಕೆಯಾಗಿಯೇ ತೋರಿಸಿ, ದಿನಾಂಕ ಮತ್ತು ಹಾಜರಿಯ ದಾಖಲೆ ಇಡಿ. ಪೋಸ್ಟರ್, ಸ್ಲೈಡ್, ವಿಡಿಯೊ ಎಲ್ಲದರಲ್ಲೂ ಒಕ್ಕೂಟದ ಲಾಂಛನ, ಹಣ ಕೊಟ್ಟವರು ಯಾರು ಎಂಬ ಸಾಲು, ಅಭಿಪ್ರಾಯ ಭಾಷಣಕಾರರದ್ದು ಎಂಬ ಸಾಲು, ಮೂರೂ ಬೇಕು. ಲಾಂಛನವನ್ನು ಕೈಯಿಂದ ಬಿಡಿಸಬೇಡಿ. ನಕ್ಷತ್ರಗಳು 12, ಸದಸ್ಯರ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. ಗಡಿಯಾರದ ಅಂಕಿಗಳ ಜಾಗದಲ್ಲಿ ನಿಂತಿರುತ್ತವೆ, ಪ್ರತಿ ನಕ್ಷತ್ರದ ಒಂದು ತುದಿ ನೇರ ಮೇಲಕ್ಕೆ. ವೃತ್ತದ ಜೊತೆ ನಕ್ಷತ್ರವೂ ಓರೆಯಾಗಿದ್ದರೆ ಅದು ತಪ್ಪು.

ನೋಂದಣಿಗೆ ಹೆಸರು, ಇಮೇಲ್, ಗಾಲಿಕುರ್ಚಿಗೆ ಜಾಗ ಅಥವಾ ಪರದೆಯ ಮೇಲೆ ಅಡಿಬರಹದ ಅಗತ್ಯವಿದೆಯೇ ಎಂಬ ಒಂದು ಪ್ರಶ್ನೆ ಸಾಕು. 2018ರ ಮೇ 25ರಿಂದ ಅನ್ವಯವಾಗುತ್ತಿರುವ, ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಒಕ್ಕೂಟದ ಕಾನೂನಾದ ಜಿಡಿಪಿಆರ್‌ಗೆ ಒಳಪಡುವ ಸಂಸ್ಥೆಯಾದರೆ ಮಾಹಿತಿ ಯಾಕೆ, ಎಷ್ಟು ದಿನ ಇಡುತ್ತೀರಿ ಎಂದು ಅರ್ಜಿಯಲ್ಲೇ ಬರೆಯಬೇಕು. ಕ್ಯಾಮೆರಾಕ್ಕೆ ಬೀಳದ ಸಾಲುಗಳನ್ನು ಬಾಗಿಲಲ್ಲೇ ಗುರುತಿಸಿ ತೋರಿಸಿ.

ಧ್ವನಿಮೇಜು

ಸೇರಿಸಬೇಕಾದ ಒಂದು ಸಣ್ಣದು: ಜರ್ಮನ್ ಭಾಷಿಕ ವಿಶ್ವವಿದ್ಯಾಲಯಗಳಲ್ಲಿ "17 ಸಿ.ಟಿ." ಅಂದರೆ 17:15, "17 ಎಸ್.ಟಿ." ಅಂದರೆ ಸರಿಯಾಗಿ 17:00. ಅಲ್ಲಿಂದ ಆನ್‌ಲೈನಿಗೆ ಬರುವವರು ಆ ಕಾಲು ಗಂಟೆಯನ್ನು ಲೆಕ್ಕಕ್ಕಿಟ್ಟುಕೊಂಡಿರಬಹುದು, ಕರೆಗೆ ಸೇರುವ ಸಮಯ ಇಷ್ಟು, ಮಾತು ಶುರುವಾಗುವ ಸಮಯ ಇಷ್ಟು ಎಂದು ಎರಡನ್ನೂ ಬರೆಯಿರಿ. ಮಾತು ಮುಗಿದಾಗ ಅಲ್ಲಿನ ಸಭಿಕರು ಚಪ್ಪಾಳೆಯ ಬದಲು ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಆ ಸದ್ದು ಕೇಳಿ ಸಂಪರ್ಕ ಕೆಟ್ಟಿತೆಂದು ಮೈಕು ಮುಚ್ಚಬೇಡಿ.

ಮೊದಲ_ಸಾಲು

ಪಟ್ಟಿ ಹೀಗಾಯಿತು. ಒಂದು: ಮೂರು ದೊಡ್ಡ ದೇಶಗಳು ಬೇಡವೆಂದರೂ ಕಾನೂನು ಹೇಗೆ ಪಾಸಾಗುತ್ತದೆ? ಎರಡು: 2009ರ ನಂತರದ ಸಾಲದ ಬಿಕ್ಕಟ್ಟಿನಲ್ಲಿ ಯೂರೋ ಉಳಿದದ್ದು ಹೇಗೆ? ಮೂರು: ಯುರೋಪಿನ ಗಡಿ ಎಲ್ಲಿ ಮುಗಿಯುತ್ತದೆ? ನಾಲ್ಕು: 24 ಭಾಷೆಗಳಲ್ಲಿ ಒಂದೇ ಕಾನೂನು ಸಾಧ್ಯವೇ? ಐದು: ಜ್ಯೂರಿಕ್‌ನಿಂದ ಪ್ರಾಗ್‌ವರೆಗೆ, ವಿಶ್ವವಿದ್ಯಾಲಯಗಳಲ್ಲಿ ನಡೆದ ಭಾಷಣಗಳ ಓದು. ಬ್ರೆಕ್ಸಿಟ್ಟನ್ನು ಇದರೊಳಗೇ ತಂದಿದ್ದೇವೆ. ಆರು: 2022ರ ಮಾರ್ಚ್ 16ರಂದು ಕೌನ್ಸಿಲ್ ಆಫ್ ಯುರೋಪಿನಿಂದ ಹೊರಬಿದ್ದ ರಷ್ಯಾದ ವಿರುದ್ಧ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಅಂದಿನಿಂದ ಏನೂ ಮಾಡಲಾರದೇ? ವಲಸೆಯನ್ನು ಮೇ 7ರ ಸಂಕಿರಣಕ್ಕೆ ಇಟ್ಟೆವು, ಒಂದು ಗಂಟೆಗೆ ಮುಗಿಯುವ ವಿಷಯ ಅದಲ್ಲ.

ಹನ್ನೆರಡು_ನಕ್ಷತ್ರ

ಆರನೆಯದರಲ್ಲಿ "ಅಂದಿನಿಂದ" ತೆಗೆಯಿರಿ. ಸದಸ್ಯತ್ವ ಹೋದದ್ದು ಮಾರ್ಚ್ 16ಕ್ಕೆ ನಿಜ, ಆದರೆ ರಷ್ಯಾ ಆ ನ್ಯಾಯಾಲಯಕ್ಕೆ ಅಧಿಕಾರ ಕೊಡುವ ಮಾನವ ಹಕ್ಕುಗಳ ಒಡಂಬಡಿಕೆಯಿಂದ ಹೊರಗಾದದ್ದು ಆರು ತಿಂಗಳ ಬಳಿಕ, 2022ರ ಸೆಪ್ಟೆಂಬರ್ 16ರಂದು. ಆ ದಿನದವರೆಗೆ ನಡೆದ ಕೃತ್ಯಗಳ ಮೇಲಿನ ದೂರುಗಳನ್ನು ನ್ಯಾಯಾಲಯ ಇಂದಿಗೂ ವಿಚಾರಣೆ ಮಾಡಬಹುದು. ಪೋಸ್ಟರಿನಲ್ಲಿ ಎರಡೂ ದಿನಾಂಕ ಹಾಕಿ, ನಡುವಿನ ಆರು ತಿಂಗಳ ಬಗ್ಗೆಯೇ ಪ್ರಶ್ನೆ ಕೇಳಿ. ಉಕ್ರೇನ್ ಯುದ್ಧದ ಮೊದಲ ತಿಂಗಳುಗಳಲ್ಲಿ ಆರಂಭದ ಸುಮಾರು ಮೂರು ವಾರ ಬಿಟ್ಟರೆ ಉಳಿದದ್ದು ಆ ಅವಧಿಯೊಳಗೇ ಬರುತ್ತದೆ.